ಒಂದು ಲಕ್ಷದ ಮೂರು

ಸುಂಟಿಕೊಪ್ಪದ ಕಾಫಿ ನರ್ಸರಿಯಲ್ಲಿ ನಾನು ರೈಟರು.
ಚೆಕ್‌ರೋಲು, ಗೊಬ್ಬರದ ಬಾಕಿ, ಬೀಗದ ಗೊಂಚಲು ನನ್ನ ಪಾಲಿನವು.
ಕೊಟ್ಟೆ ತುಂಬಿ ಮುಗಿದ ಮೇಲೆ ಮೂರು ದಿನ ಎಣಿಸಿದೆವು,
ಬೊಳ್ಳಿ ಆ ತುದಿಯಿಂದ, ನಾನು ಈ ತುದಿಯಿಂದ,
ನೂರು ಗಿಡಕ್ಕೊಂದು ಹುಣಸೆಬೀಜ ಡಬ್ಬಿಗೆ.
ಸಾವಿರ ಬೀಜ ಆಯಿತು. ಮೇಲೆ ಮೂರು ಗಿಡ.

ಪೂವಯ್ಯ ಸಾಹುಕಾರರು ಜೀಪಿನಿಂದ ಇಳಿಯಲೇ ಇಲ್ಲ.
‘ಬ್ಯಾಂಕಿನವರು ಬರ್ತಾರೆ. ಸಮಸಾಲು ಮಾಡಿಸಿ, ರೈಟರೇ.
ಕಡೇ ಸಾಲಿಗೆ ಬಾಲ ಇರಬಾರದು.’

ಎರಡು ಸಾಲು ಮಾಡಿದರೆ ಒಂದು ಉಳಿಯಿತು.
ಮೂರಕ್ಕೂ ಒಂದು. ಏಳಕ್ಕೂ ಅದೇ ಒಂದು,
ಊಟಕ್ಕೆ ಕರೆದರೂ ಬಾಗಿಲಲ್ಲೇ ನಿಂತ ಹುಡುಗನ ಹಾಗೆ.
ಹನ್ನೊಂದಕ್ಕೆ ಎರಡು.
ಹದಿಮೂರಕ್ಕೆ ಏಳು.

ರಾತ್ರಿ ಕರೆಂಟಿರಲಿಲ್ಲ.
ಚಿಮಣಿ ಹಚ್ಚಿ ಚೆಕ್‌ರೋಲಿನ ಬೆನ್ನ ಮೇಲೆ ಭಾಗಿಸಿದೆ.
ಎಲ್ಲರನ್ನೂ ಕೇಳಬೇಕಿಲ್ಲ;
ಆರರ ಕೆಲಸ ಎರಡೂ ಮೂರೂ ಮುಗಿಸಿರುತ್ತವೆ.
ತಾವೇ ಒಡೆಯದವು ಸಾಕು,
ಅವೂ ಮುನ್ನೂರ ಹದಿಮೂರರ ತನಕ.
ಆಚೆಯದು ಮುನ್ನೂರ ಹದಿನೇಳು,
ತನ್ನಿಂದ ತಾನು ಗುಣಿಸಿಕೊಂಡರೆ ಲಕ್ಷ ದಾಟಿ ಓಡುತ್ತದೆ.
ದೊಡ್ಡದಕ್ಕೆ ಜೊತೆಗೊಂದು ಚಿಕ್ಕದು ಬೇಕು,
ಚಿಕ್ಕವರನ್ನೆಲ್ಲ ಆಗಲೇ ಕೇಳಿಯಾಗಿದೆ.

ಅರವತ್ತೈದು ಭಾಗಾಕಾರ.
ನಲವತ್ತೊಂದಕ್ಕೆ ನಾಲ್ಕು ಉಳಿಯಿತು,
ಇನ್ನೂರ ಎಪ್ಪತ್ತೊಂದಕ್ಕೂ ಅದೇ ನಾಲ್ಕು,
ಒಂದೇ ಮನೆಯವರೇನೋ.
ಕಟ್ಟಕಡೆಯದಕ್ಕೆ ನೂರ ಐವತ್ತಾರು.
ಅರವತ್ತೈದು ಸಲವೂ ಇಲ್ಲ ಅಂದಿತು, ದನಿ ಏರಿಸದೆ.
ಅವಿಭಾಜ್ಯ: ಏಳನೇ ಕ್ಲಾಸಿನಲ್ಲಿ ಬೆತ್ತದ ಭಯಕ್ಕೆ ಕಲಿತ ಪದ,
ಇವತ್ತು ಬಾಯಲ್ಲಿ ಸೀಬೆಬೀಜದ ಹಾಗೆ ಸಿಕ್ಕಿಕೊಂಡಿತು.

ಬರೀ ಲಕ್ಷವಾಗಿದ್ದರೆ!
ಲಕ್ಷ ಬಲು ಸಲಿಗೆಯದು, ಎರಡಕ್ಕೆ ಐದು ಸಲ, ಐದಕ್ಕೆ ಐದು ಸಲ ಬಗ್ಗುತ್ತದೆ.
ಚೌಕ ಬೇಕೆಂದರೆ ಎರಡು ಚೌಕವಾಗಿಯೂ ಕೂರುತ್ತದೆ,
ಮಗ್ಗುಲಿಗೆ ಮುನ್ನೂರ ಹದಿನಾರರದೊಂದು, ಹನ್ನೆರಡರದೊಂದು,
ಹಸು, ಪಕ್ಕದಲ್ಲಿ ಕರು.
ಮೂರು ಸೇರಿತೋ, ಅದೂ ಹೋಯಿತು.
ನಾಲ್ಕರಿಂದ ಭಾಗಿಸಿದಾಗ ಮೂರು ಉಳಿಸುವ ಜಾತಿ
ಎರಡು ಚೌಕಕ್ಕೆ ಎಂದೂ ಒಗ್ಗುವುದಿಲ್ಲ.

ಉಳಿದದ್ದು ಒಂದೇ ದಾರಿ, ಒಂದೇ ಸಾಲು.
ಕೊಟ್ಟೆಗೆ ಅರ್ಧ ಅಡಿ ಹಿಡಿದರೆ
ನರ್ಸರಿ ಗೇಟಿನಿಂದ ಹೊರಟು ಕೆದಕಲ್ ದಾಟಿ,
ಬೋಯಿಕೇರಿಯ ತಿರುವಿನಲ್ಲಿ ಬಸ್ಸಿಗೆ ಜಾಗ ಬಿಟ್ಟು,
ಮಡಿಕೇರಿ ಹತ್ತುತ್ತ ಹದಿನೈದು ಕಿಲೋಮೀಟರು,
ಮೊಳಕೆಯ ಟೋಪಿ ಈಗಷ್ಟೇ ತೆಗೆದ ಗಿಡಗಳು
ಒಂದರ ಹಿಂದೆ ಒಂದು.
ನಿದ್ದೆಗಣ್ಣಲ್ಲಿ ಅಷ್ಟೂ ದೂರ ನಡೆದೆ.

ಬೆಳಿಗ್ಗೆ ಹೇಳಿದೆ. ಸಾಹುಕಾರರು ನಕ್ಕರು:
‘ಮೂರು ಕಿತ್ತು ಎಸೀರಿ. ಅದಕ್ಕೂ ಲೆಕ್ಕವೇ?’
ಮಣ್ಣಿನ ಕೈ ಲಂಗಕ್ಕೆ ಒರೆಸುತ್ತ ಬೊಳ್ಳಿ ಕೇಳಿದಳು:
‘ಯಾವ ಮೂರು?’

ಜೀಪಿನ ಇಂಜಿನ್ನು ಸುಮ್ಮನೆ ಓಡುತ್ತಿತ್ತು.
ಅವರು ಗಿಡಗಳನ್ನು ನೋಡಿದರು. ನಾನೂ ನೋಡಿದೆ.
ಹೆಚ್ಚಿನವು ಯಾವು ಅಂತ ಯಾವುದರ ಹಣೆಯಲ್ಲೂ ಇರಲಿಲ್ಲ.

ಆ ರಾತ್ರಿ ಬಸವನಹುಳು ಒಂದನ್ನು ತಿಂದಿತು.
ಒಂದೇ. ಬುಡದವರೆಗೆ,
ಕೊಟ್ಟೆಯ ಮೇಲೆ ಬೆಳ್ಳಿಯ ಗೀರು ಎಳೆದು.

ಲಕ್ಷದ ಎರಡು ಎಷ್ಟು ಸಾಧು!
ಎರಡು, ಮೂರು, ಏಳು ಒಟ್ಟಿಗೆ ಒಳಗೆ ಬಂದವು,
ಬಾಗಿಲಲ್ಲಿ ಯಾರೂ ಇಲ್ಲ.
ನಲವತ್ತೆರಡು ಸಾಲು, ಸಾಲಿಗೆ ಎರಡು ಸಾವಿರದ ಮುನ್ನೂರ ಎಂಬತ್ತೊಂದು.
ಬ್ಯಾಂಕಿನವರು ಒಂದು ಸಾಲು ಎಣಿಸಿ, ಗುಣಿಸಿ,
ಕಿತ್ತಳೆ ತಿಂದು ರುಜು ಹಾಕಿದರು.
ಸಾಹುಕಾರರು ನನ್ನ ಬೆನ್ನು ತಟ್ಟಿದರು.
ತಟ್ಟಬೇಕಾದದ್ದು ಹುಳುವಿನ ಬೆನ್ನು.

ಸೋತದ್ದು ಯಾರೆಂದು ನನಗೆ ಗೊತ್ತಾಗಲಿಲ್ಲ.
ಒಂದು ಗಿಡ ಸತ್ತಿತ್ತು, ಅಷ್ಟೇ;
ಅದರ ಜೊತೆ ಒಡೆಯದ ಯಾವುದೋ ಒಂದು
ನಲವತ್ತೆರಡು ತುಂಡಾಗಿತ್ತು.

ಖಾಲಿ ಕೊಟ್ಟೆಗೆ ಬೊಳ್ಳಿ ಇನ್ನೊಂದು ಬೀಜ ಒತ್ತಿ
ಮೊದಲ ಸಾಲಿನ ಮುಂದೆ, ದಾರಿಗೆ ಅಡ್ಡವಾಗಿ ಇಟ್ಟಿದ್ದಳು.
ನಾನು ಕಂಡೂ ಕೇಳಲಿಲ್ಲ.
ಇವತ್ತಿಗೆ ನಲವತ್ತೆಂಟು ದಿನ. ಟೋಪಿ ಹಾಕಿಕೊಂಡು ಎದ್ದಿದೆ.
ಚೆಕ್‌ರೋಲಿನಲ್ಲಿ ಇನ್ನೂ ಲಕ್ಷದ ಎರಡೇ ಇದೆ.
ತಿದ್ದಿಲ್ಲ.